ಗೂಗಲ್ ಆಡ್ಸ್‌ನ ಲೊಕೇಶನ್ ಟಾರ್ಗೆಟಿಂಗ್: ರಾಜ್ಯದ ಗಡಿ ಎಷ್ಟು ಗಟ್ಟಿ?

ಅಮೆರಿಕದ ಕ್ಲೈಂಟ್‌ಗಳ ಜಾಹೀರಾತು ಖಾತೆ ನೋಡಿಕೊಳ್ಳುವ ಬೆಂಗಳೂರಿನ ಏಜೆನ್ಸಿಗಳು ದಿನವೂ ಮುಟ್ಟುವ ಸೆಟ್ಟಿಂಗ್ ಇದು: ಯಾವ ಜಾಗದವರಿಗೆ ಜಾಹೀರಾತು ಕಾಣಬೇಕೆಂದು ಗೊತ್ತುಮಾಡುತ್ತದೆ. ಇಡೀ ರಾಜ್ಯವನ್ನು ಸೇರಿಸಲು, ಹೊರಗಿಡಲು ಸಾಕಷ್ಟು ಚೆನ್ನಾಗಿದೆ. ಊರಿನ ಮಟ್ಟಕ್ಕೆ ಇಳಿದರೆ ನೆಚ್ಚಿಕೊಳ್ಳುವಂತಿಲ್ಲ. ಡೀಫಾಲ್ಟ್ ಆಯ್ಕೆಯಂತೂ ಕಾನೂನು ಪಾಲನೆಗೆ ಪೂರ್ತಿ ತಪ್ಪು.

ಕ್ಯಾಂಪೇನ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ಸ್, ಅದರಡಿ ಲೊಕೇಶನ್ ಆಪ್ಷನ್ಸ್ ತೆರೆಯಿರಿ. ಮೊದಲೇ ಆಯ್ಕೆಯಾಗಿರುವುದು ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’. ಆರೆಗಾನ್ ಆರಿಸಿದರೆ, ಟೆಕ್ಸಾಸ್‌ನಲ್ಲಿ ಕೂತು ಆರೆಗಾನ್ ಬಗ್ಗೆ ಹುಡುಕಿದವರಿಗೂ ಜಾಹೀರಾತು ಹೋಗುತ್ತದೆ. ಹೋಟೆಲ್‌ನವರಿಗೆ ಅನುಕೂಲ, ಲೈಸೆನ್ಸ್ ಒಂದೇ ರಾಜ್ಯಕ್ಕೆ ಇರುವವರಿಗೆ ಅಪಾಯ. ‘ಪ್ರೆಸೆನ್ಸ್’ ಮಾತ್ರ ಆರಿಸಿ. ಆಗಲೂ ಆ ಜಾಗಕ್ಕೆ ಪದೇ ಪದೇ ಬಂದುಹೋಗುವವರು ಲೆಕ್ಕಕ್ಕೆ ಸೇರುತ್ತಾರೆ.

ಕೊಲಂಬಿಯಾ ನದಿಯ ದಕ್ಷಿಣಕ್ಕೆ ಆರೆಗಾನ್‌ನ ಪೋರ್ಟ್‌ಲ್ಯಾಂಡ್, ಉತ್ತರಕ್ಕೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್. ಆನ್‌ಲೈನ್ ಕ್ರೀಡಾ ಬೆಟ್ಟಿಂಗ್‌ಗೆ ಆರೆಗಾನ್‌ನಲ್ಲಿ ಅನುಮತಿಯಿದೆ. ವಾಷಿಂಗ್ಟನ್‌ನಲ್ಲಿ ಬುಡಕಟ್ಟುಗಳ ಕ್ಯಾಸಿನೊಗಳ ಆಚೆ ಇಲ್ಲ. ಇಂಥ ಕಡೆ ಆರೆಗಾನ್ ಸೇರಿಸಿದರಷ್ಟೇ ಸಾಲದು, ವಾಷಿಂಗ್ಟನ್ ರಾಜ್ಯವನ್ನು ಎಕ್ಸ್‌ಕ್ಲೂಡ್ ಮಾಡಲೇಬೇಕು. ಅವಸರದಲ್ಲಿ ವಾಷಿಂಗ್ಟನ್ ಡಿ.ಸಿ. ಮೇಲೆ ಕ್ಲಿಕ್ ಮಾಡಿಬಿಡುವುದು ಸಾಮಾನ್ಯ. ಹೆಸರಿನ ಪಕ್ಕ ‘ಸ್ಟೇಟ್’ ಎಂದಿದೆಯೇ ನೋಡಿ. ಪೋರ್ಟ್‌ಲ್ಯಾಂಡ್ ಡಿಎಂಎ (ಟಿವಿ ಮಾರುಕಟ್ಟೆಯ ವಲಯ) ಪ್ರದೇಶ ಬೇಡ, ಅದು ನದಿ ದಾಟಿ ವ್ಯಾಂಕೂವರನ್ನೂ ಒಳಗೆ ಹಾಕಿಕೊಂಡಿದೆ. ಒಂದು ಬಿಂದುವಿನ ಸುತ್ತ ಇಷ್ಟು ದೂರ ಎಂದು ವೃತ್ತ ಎಳೆಯುವ ರೇಡಿಯಸ್ ಕೂಡ ಗಡಿ ನೋಡುವುದಿಲ್ಲ.

ಇಷ್ಟಾದರೂ ಸೋರುತ್ತದೆ. ಜಿಪಿಎಸ್, ವೈಫೈ ಸುಳಿವು ಸಿಗದಾಗ ಐಪಿ ವಿಳಾಸವೇ ಗತಿ. ಮೊಬೈಲ್ ಕಂಪನಿಗಳ ಗೇಟ್‌ವೇ ದೂರದ ಊರಲ್ಲಿದ್ದರೆ ಫೋನ್ ಒಂದು ಕಡೆ, ಐಪಿ ಇನ್ನೊಂದು ಕಡೆ. ವಿಪಿಎನ್ ಹಾಕಿದರೆ ರಾಜ್ಯವೇ ಬದಲು. ನೂರಕ್ಕೆ ನೂರು ಖಾತರಿ ಇಲ್ಲವೆಂದು ಗೂಗಲ್ಲೇ ಹೇಳುತ್ತದೆ.

ಈ ಸೋರಿಕೆಗೆ ಸಂವಿಧಾನದ ತೂಕವೂ ಇದೆ. ಅಮೆರಿಕದಲ್ಲಿ ಅಂತರರಾಜ್ಯ ವಾಣಿಜ್ಯ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಕೈಯಲ್ಲಿದೆ. ಸ್ಥಳೀಯ ಪ್ರಯೋಜನಕ್ಕೆ ಹೋಲಿಸಿದರೆ ಆ ವಾಣಿಜ್ಯದ ಮೇಲಿನ ಹೊರೆ ಸ್ಪಷ್ಟವಾಗಿ ಅತಿಯಾದರೆ ರಾಜ್ಯದ ನಿಯಮ ಬಿದ್ದುಹೋಗುತ್ತದೆ ಎಂಬ ಅಳತೆಗೋಲು ಅಮೆರಿಕದ ಸುಪ್ರೀಂ ಕೋರ್ಟ್‌ನ 1970ರ ಪೈಕ್ ತೀರ್ಪಿನದು. 1997ರಲ್ಲಿ ನ್ಯೂಯಾರ್ಕ್ ಗವರ್ನರ್ ಜಾರ್ಜ್ ಪಟಾಕಿ ವಿರುದ್ಧದ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯ ನ್ಯೂಯಾರ್ಕ್‌ನ ಇಂಟರ್ನೆಟ್ ಕಾನೂನನ್ನು ತಡೆದದ್ದು, ನೋಡುವವರು ಯಾವ ರಾಜ್ಯದವರೆಂದು ಪ್ರಕಟಿಸುವವರಿಗೆ ತಿಳಿಯುವ ದಾರಿಯೇ ಇಲ್ಲ ಎಂಬ ನೆಲೆಯಲ್ಲಿ. 2001ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಹೆಕೆಲ್ ಪ್ರಕರಣದಲ್ಲಿ ವಂಚನೆಯ ಜಾಹೀರಾತು ಇಮೇಲ್ ನಿಷೇಧವನ್ನು ಎತ್ತಿಹಿಡಿಯಿತು: ಸುಳ್ಳು ಹೇಳಬೇಡಿ ಎಂಬ ನಿಯಮ ಪಾಲಿಸಲು ಗಡಿ ಗೊತ್ತಿರಬೇಕಾಗಿಲ್ಲ. 2023ರಲ್ಲಿ ಹಂದಿಮಾಂಸ ಉತ್ಪಾದಕರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೊರರಾಜ್ಯದ ಮೇಲೆ ಪರಿಣಾಮ ಬೀರಿತು ಎಂಬುದೊಂದರಿಂದಲೇ ಕಾನೂನು ಬೀಳದು ಎಂದಿತು.

ಹಾಗಾಗಿ ರಾಜ್ಯ ಮಟ್ಟದ ಎಕ್ಸ್‌ಕ್ಲೂಡ್ ಬಟನ್ ಚೆನ್ನಾಗಿ ಕೆಲಸ ಮಾಡಿದಷ್ಟೂ ‘ಪಾಲಿಸಲು ಆಗದು’ ಎಂಬ ಜಾಹೀರಾತುದಾರರ ವಾದ ಸೊರಗುತ್ತದೆ. ನಗರಸಭೆಯ ನಿಯಮವಾದರೆ ಆ ವಾದಕ್ಕೆ ಇನ್ನೂ ಜೀವವಿದೆ. ಅಷ್ಟು ಸಣ್ಣ ಗಡಿಯನ್ನು ಈ ಸಾಧನ ಕಾಯಲಾರದು.

ಚುನಾವಣಾ ಜಾಹೀರಾತಿಗೆ ಮಾತ್ರ ಈ ಸೆಟ್ಟಿಂಗ್ ರಕ್ಷಣೆಯಲ್ಲ. ವಾಷಿಂಗ್ಟನ್‌ನ ರಾಜ್ಯ, ಸ್ಥಳೀಯ ಚುನಾವಣೆಗಳ ಜಾಹೀರಾತನ್ನು ಗೂಗಲ್ 2018ರಲ್ಲೇ ನಿಲ್ಲಿಸಿತು. ಅಲ್ಲಿ ಲೆಕ್ಕಕ್ಕೆ ಬರುವುದು ಯಾವ ಚುನಾವಣೆ ಎಂಬುದು, ನೋಡುವವರ ಊರಲ್ಲ. ಆನ್‌ಲೈನ್ ಚುನಾವಣಾ ಜಾಹೀರಾತಿನ ವಿವರ ಪ್ರಕಟಿಸಬೇಕೆಂಬ ಮೇರಿಲ್ಯಾಂಡ್‌ನ 2018ರ ಕಾನೂನಿನ ನಂತರವೂ ಹೀಗೇ ಹಿಂದೆ ಸರಿಯಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾನೂನನ್ನು ಪತ್ರಿಕೆಗಳ ಮಟ್ಟಿಗೆ ತಡೆದದ್ದು ವಾಣಿಜ್ಯದ ನೆಲೆಯಲ್ಲಲ್ಲ, ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ.

ವಾರಕ್ಕೊಮ್ಮೆ ರಿಪೋರ್ಟ್ ಎಡಿಟರ್‌ನಲ್ಲಿ ‘ಯೂಸರ್ ಲೊಕೇಶನ್ಸ್’ ವರದಿ ತೆಗೆಯಿರಿ. ಮಾಮೂಲಿ ಲೊಕೇಶನ್ ವರದಿಯಲ್ಲಿ ಆಸಕ್ತಿಯ ಜಾಗಗಳೂ ಬೆರೆತಿರುತ್ತವೆ. ಖಾತೆಯಲ್ಲಿ ಮಾಡಿದ ಬದಲಾವಣೆಗಳ ದಾಖಲೆಯಾದ ಚೇಂಜ್ ಹಿಸ್ಟರಿ ಎರಡು ವರ್ಷದಷ್ಟು ಹಿಂದಕ್ಕೆ ಮಾತ್ರ ಸಿಗುತ್ತದೆ, ಅದನ್ನೂ ಡೌನ್‌ಲೋಡ್ ಮಾಡಿ ಇಡಿ. ಯಾವ ದಿನದಿಂದ ಯಾವ ರಾಜ್ಯ ಹೊರಗಿತ್ತು ಎಂದು ಕ್ಲೈಂಟ್‌ನ ವಕೀಲರು ಕೇಳಿದಾಗ ತೋರಿಸಲು ಬೇರೆ ದಾಖಲೆ ಇರುವುದಿಲ್ಲ.