ನಲವತ್ತು ದಾಟಿದವರಿಗೂ ಸಲ್ಲುವ ಘಿಬ್ಲಿ ಚಿತ್ರಗಳು

ಜಪಾನಿನ ಸ್ಟುಡಿಯೋ ಘಿಬ್ಲಿಯ ಅನಿಮೇಷನ್ ಚಿತ್ರಗಳು ನಮ್ಮಲ್ಲಿ ಓಟಿಟಿಗೆ ಬಂದು ಕೆಲವು ವರ್ಷಗಳೇ ಆದವು. ಆದರೂ ‘ಮಕ್ಕಳಿಗಾಗಿ’ ಎಂಬ ಸಾಲಿನಲ್ಲಿ ಕಾಣಿಸುವುದರಿಂದ ದೊಡ್ಡವರು ಅವುಗಳನ್ನು ದಾಟಿ ಮುಂದಕ್ಕೆ ಹೋಗುವುದೇ ಹೆಚ್ಚು. ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳು ಜಯನಗರದ ನಮ್ಮ ಮನೆಗೆ ಬಂದಿದ್ದಾಗ ಅವರ ಜೊತೆ ಕೂತು ನೋಡತೊಡಗಿದವನು ನಾನು. ಅವರು ಊರಿಗೆ ಮರಳಿದ ಮೇಲೆ ಒಬ್ಬನೇ ಮುಂದುವರಿಸಿದೆ. ನಲವತ್ತು ದಾಟಿದವರ ಕಣ್ಣಿಗೆ ಈ ಚಿತ್ರಗಳು ಹೇಗೆ ಕಾಣುತ್ತವೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಹಯಾವೊ ಮಿಯಾಝಾಕಿ ಮತ್ತು ಇಸಾವೊ ತಕಾಹಾತಾ ಎಂಬ ಇಬ್ಬರು ನಿರ್ದೇಶಕರು ನಿರ್ಮಾಪಕ ತೊಶಿಯೊ ಸುಝುಕಿಯವರ ಜೊತೆಗೂಡಿ 1985ರಲ್ಲಿ ಕಟ್ಟಿದ ಸಂಸ್ಥೆ ಇದು. ತೇಲುವ ಕೋಟೆ, ಮಾತಾಡುವ ಬೆಂಕಿ, ಬಸ್ಸಿನಾಕಾರದ ಬೆಕ್ಕು ಇವೆಲ್ಲ ಇವರ ಚಿತ್ರಗಳಲ್ಲಿ ಧಾರಾಳವಾಗಿವೆ, ಮಕ್ಕಳು ಮರುಳಾಗುವುದೂ ಅವಕ್ಕೇ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಇವುಗಳೊಳಗಿನ ಹಿರಿಯರ ನಡವಳಿಕೆ. ಮಕ್ಕಳ ಚಿತ್ರವೆಂದಮೇಲೆ ಅಪ್ಪ ಅಮ್ಮ ಪೆದ್ದರಾಗಿರಬೇಕು, ಇಲ್ಲವೇ ಕಥೆಗೆ ಅಡ್ಡ ಬರಬೇಕು ಎಂಬ ರೂಢಿಯೊಂದಿದೆ. ಇಲ್ಲಿ ಅವರು ದುಡಿಯುತ್ತಾರೆ, ದಣಿಯುತ್ತಾರೆ, ಮಗು ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಾರೆ. (‘ಸ್ಪಿರಿಟೆಡ್ ಅವೇ’ಯ ತಂದೆತಾಯಿ ಇದಕ್ಕೆ ಅಪವಾದ, ಕಂಡವರ ಅಂಗಡಿಯಲ್ಲಿ ಗಬಗಬನೆ ತಿಂದು ಹಂದಿಗಳಾಗುವವರು ಅವರು.)

1988ರ ‘ಮೈ ನೇಬರ್ ಟೊಟೊರೊ’ವನ್ನೇ ನೋಡಿ. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ತಂದೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿಯ ಹಳೆಯ ಮನೆಗೆ ಬಂದಿದ್ದಾನೆ. ಕಿರಿಯವಳು ಕಾಡಿನಲ್ಲಿ ದೊಡ್ಡ ಪ್ರಾಣಿಯೊಂದನ್ನು ಕಂಡೆ ಎಂದಾಗ ಅವನು ನಕ್ಕು ತಳ್ಳಿಹಾಕುವುದಿಲ್ಲ, ಸುಮ್ಮನೆ ತಲೆಯಾಡಿಸಿ ಕೆಲಸಕ್ಕೆ ಹಿಂದಿರುಗುವುದೂ ಇಲ್ಲ. ನೀನು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತು ಎಂದು ಹೇಳಿ, ಇಬ್ಬರನ್ನೂ ಆ ಮಹಾ ಕರ್ಪೂರದ ಮರದ ಬುಡಕ್ಕೆ ಕರೆದೊಯ್ದು, ಮರಕ್ಕೆ ಬಾಗಿ ನಮಸ್ಕರಿಸುತ್ತಾನೆ. ಮಕ್ಕಳ ಪಾಲಿಗೆ ಅದು ಮುಂದಿನ ಸಾಹಸಕ್ಕೆ ಪೀಠಿಕೆ, ನನಗೆ ಅದೇ ಚಿತ್ರದ ನಡುಗಂಬ. ಮಳೆಯ ರಾತ್ರಿಯ ಬಸ್ ನಿಲ್ದಾಣದ ದೃಶ್ಯವೂ ಹೀಗೆಯೇ. ಅಪ್ಪನಿಗಾಗಿ ಕೊಡೆ ಹಿಡಿದು ಕಾಯುತ್ತಿರುವ ಅಕ್ಕ, ಅವಳ ಬೆನ್ನ ಮೇಲೆ ನಿದ್ದೆಹೋದ ತಂಗಿ. ಬಸ್ಸು ಬಂದರೂ ಅಪ್ಪ ಇಳಿಯುವುದಿಲ್ಲ. ಪಕ್ಕಕ್ಕೆ ಬಂದು ನಿಂತ ಟೊಟೊರೊನ ತಲೆಯ ಮೇಲೆ ಒಂದು ಎಲೆ ಮಾತ್ರ. ಹುಡುಗಿ ಅಪ್ಪನ ಕೊಡೆಯನ್ನು ಅವನಿಗೆ ಕೊಡುತ್ತಾಳೆ, ಕೊಡೆಯ ಮೇಲೆ ಬಿದ್ದ ಹನಿಗಳ ಸದ್ದಿಗೆ ಅವನು ಅಚ್ಚರಿಪಡುತ್ತಾನೆ. ಕಥೆಯ ದೃಷ್ಟಿಯಿಂದ ಅಷ್ಟು ಹೊತ್ತು ಏನೂ ನಡೆಯುವುದಿಲ್ಲ, ಆದರೆ ಒಂದು ಕ್ಷಣವನ್ನೂ ಕತ್ತರಿಸುವಂತಿಲ್ಲ. ದಿನವೂ ಎಲ್ಲರ ಬುತ್ತಿ ಕಟ್ಟುವ ಈ ಗಟ್ಟಿಗಿತ್ತಿ ಅಕ್ಕ ಕೊನೆಗೊಮ್ಮೆ ಅಮ್ಮ ಸತ್ತರೆ ಏನು ಗತಿ ಎಂದು ಅಜ್ಜಿಯ ಮುಂದೆ ಅಳುವಾಗ ನಾನು ಮಕ್ಕಳ ಕಡೆ ತಿರುಗದೆ ಪರದೆಯನ್ನೇ ನೋಡುತ್ತ ಕೂತಿದ್ದೆ. ಮಿಯಾಝಾಕಿಯವರ ತಾಯಿಯೂ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ನರಳಿದವರು.

ದೊಡ್ಡವರು ಒಂದೇ ಚಿತ್ರ ನೋಡುವುದಾದರೆ ನಾನು ಸೂಚಿಸುವುದು ತಕಾಹಾತಾ ನಿರ್ದೇಶಿಸಿದ 1991ರ ‘ಓನ್ಲಿ ಯೆಸ್ಟರ್‌ಡೇ’. ಇದರಲ್ಲಿ ಮಾಯೆ ಮಂತ್ರ ಯಾವುದೂ ಇಲ್ಲ. ಟೋಕಿಯೊದ ಕಚೇರಿಯಲ್ಲಿ ದುಡಿಯುವ 27ರ ತಾಯೆಕೊ ರಜೆ ಹಾಕಿ, ಕುಸುಬೆ ಹೂವಿನ ಕೊಯ್ಲಿಗೆಂದು ಯಾಮಾಗಾತದ ಹಳ್ಳಿಗೆ ಹೊರಡುತ್ತಾಳೆ. ದಾರಿಯುದ್ದಕ್ಕೂ 1966ರ, ಐದನೇ ತರಗತಿಯ ತಾಯೆಕೊ ಅವಳ ಜೊತೆಗಿರುತ್ತಾಳೆ. ನೆನಪಿನ ಭಾಗಗಳಲ್ಲಿ ಬಣ್ಣ ತೆಳುವಾಗಿ, ಚೌಕಟ್ಟಿನ ಅಂಚುಗಳು ಬಿಳಿಯಾಗಿ ಉಳಿಯುತ್ತವೆ. ವರ್ತಮಾನದ ಭಾಗಗಳಿಗೆ ಮಾತುಗಳನ್ನು ಮೊದಲು ಧ್ವನಿಮುದ್ರಿಸಿ ಆಮೇಲೆ ಮುಖಗಳನ್ನು ಬರೆದಿದ್ದಾರೆ. ಜಪಾನಿನಲ್ಲಿ ಇದು ಅಪರೂಪದ ಕ್ರಮ. ಒಂದು ದೃಶ್ಯದಲ್ಲಿ ಮನೆಗೆ ಮೊದಲ ಬಾರಿಗೆ ಅನಾನಸ್ ಬರುತ್ತದೆ, ಅದನ್ನು ಹೇಗೆ ಹೆಚ್ಚಬೇಕೆಂದು ಯಾರಿಗೂ ತಿಳಿಯದು. ಕೊನೆಗೆ ಹೆಚ್ಚಿ ತಿಂದರೆ ಗಟ್ಟಿ, ಸಿಹಿಯೂ ಅಷ್ಟಕ್ಕಷ್ಟೆ. ಎಲ್ಲರೂ ಕೈಬಿಟ್ಟರೂ ತಾಯೆಕೊ ಮಾತ್ರ ಪಟ್ಟುಹಿಡಿದು ತಿನ್ನುತ್ತಾಳೆ. ಫೋರ್ತ್ ಬ್ಲಾಕಿನ ತಳ್ಳುಗಾಡಿಯಲ್ಲಿ ಉಪ್ಪು ಖಾರ ಹಚ್ಚಿಸಿಕೊಂಡು ಅನಾನಸ್ ತಿನ್ನುವ ನಮಗೆ ಆ ಮನೆಯವರ ಪೇಚಾಟ ನಗು ತರಿಸುತ್ತದೆ, ಆದರೆ ನಿರಾಸೆಯನ್ನು ಒಪ್ಪಿಕೊಳ್ಳದ ಆ ಪುಟ್ಟ ಹುಡುಗಿಯ ಹಟ ನಗುವ ವಿಷಯವಲ್ಲ. ಮಕ್ಕಳು ಅರ್ಧಕ್ಕೇ ಎದ್ದು ಹೋದರು, ಅದು ನ್ಯಾಯವೇ.

ಎಲ್ಲವೂ ಇದೇ ಮಟ್ಟದ್ದೆನ್ನಲಾರೆ. ‘ಕಿಕೀಸ್ ಡೆಲಿವರಿ ಸರ್ವಿಸ್’ ಹೊಸ ಊರಲ್ಲಿ ಕೆಲಸ ಹಿಡಿದ ಹುಡುಗಿಯ ಆಯಾಸವನ್ನು ಚೆಂದವಾಗಿ ಹೇಳುತ್ತ ಬಂದು, ಕೊನೆಗೆ ವಾಯುನೌಕೆಯ ಅವಘಡದಲ್ಲಿ ಮಾಮೂಲಿ ಸಿನಿಮಾ ಆಗಿಬಿಡುತ್ತದೆ. 2003ರಲ್ಲಿ ಆಸ್ಕರ್ ಪಡೆದ ‘ಸ್ಪಿರಿಟೆಡ್ ಅವೇ’ ಬೆರಗು ಹುಟ್ಟಿಸುವ ಕೃತಿಯೇ, ಆದರೆ ತೀರ ಚಿಕ್ಕ ಮಕ್ಕಳು ಹೆದರುತ್ತಾರೆ. ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣ ತಂಗಿಯರ ಕಥೆ. ಇದನ್ನೂ ಟೊಟೊರೊವನ್ನೂ 1988ರ ಏಪ್ರಿಲ್‌ನಲ್ಲಿ ಒಂದೇ ಟಿಕೆಟ್ಟಿಗೆ ಜೋಡಿ ಪ್ರದರ್ಶನವಾಗಿ ಬಿಡುಗಡೆ ಮಾಡಿದ್ದರು ಎಂಬುದನ್ನು ನಂಬುವುದೇ ಕಷ್ಟ. ಮನೆಮಂದಿಯೊಂದಿಗೆ ಆ ಪ್ರಯೋಗ ಬೇಡ.

ಇನ್ನು ಸೇವೆಯ ಮಾತು. ನಾನು ಚಂದಾ ಕಟ್ಟುವ ಓಟಿಟಿಯಲ್ಲಿ ಚಿತ್ರದ ಗುಣಮಟ್ಟ ಚೆನ್ನಾಗಿದೆ, ಆದರೆ ಕನ್ನಡದ ಧ್ವನಿಯಾಗಲಿ ಸಬ್‌ಟೈಟಲ್ ಆಗಲಿ ಸಿಗಲಿಲ್ಲ. ಚಿತ್ರಗಳಿಗೆ ಐದಕ್ಕೆ ನಾಲ್ಕೂವರೆ ಕೊಟ್ಟರೆ ಸೇವೆಗೆ ಮೂರರ ಮೇಲೆ ಕೊಡಲು ಮನಸ್ಸಾಗದಿರುವುದು ಇದಕ್ಕೇ. ಇಂಗ್ಲಿಷ್ ಶಾಲೆಯ ಮಕ್ಕಳು ಹೇಗೋ ನಿಭಾಯಿಸುತ್ತಾರೆ, ತೊಂದರೆಯಾದದ್ದು ನಮ್ಮಮ್ಮನಿಗೆ. ಟೊಟೊರೊದ ಅಜ್ಜಿ ತೋಟದ ಸೌತೆಕಾಯಿ, ಟೊಮೆಟೊಗಳನ್ನು ಹರಿಯುವ ನೀರಿನಲ್ಲಿ ತಣ್ಣಗಾಗಿಸಿ ಮಕ್ಕಳಿಗೆ ಕೊಡುವುದನ್ನು ಕಂಡು, “ಇದೇನೋ, ನಮ್ಮೂರಿನ ಕಾಲುವೆ ಇದ್ದ ಹಾಗಿದೆಯಲ್ಲ” ಎಂದು ಮೊಣಕಾಲು ನೋವನ್ನೂ ಮರೆತು ಕೂತ ಅವರಿಗೆ ಪ್ರತಿ ಮಾತನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಹಾಗೆ ಹೇಳುವವರು ಮನೆಯಲ್ಲಿದ್ದರೆ ಜಪಾನಿ ಧ್ವನಿಯನ್ನೇ ಆರಿಸಿಕೊಳ್ಳಿ. ಕಿಕಿಯ 1998ರ ಇಂಗ್ಲಿಷ್ ಅವತರಣಿಕೆಯಲ್ಲಿ ಮೂಲದಲ್ಲಿಲ್ಲದ ಮಾತುಗಳನ್ನೂ ಆ ಹುಡುಗಿಯ ಸಾಕುಬೆಕ್ಕಿನ ಬಾಯಿಗೆ ತುರುಕಿದ್ದರು. ಬೀದಿಯ ಹಾರ್ನುಗಳು ತಗ್ಗಿದ ಮೇಲೆ, ರಾತ್ರಿ ಊಟ ಮುಗಿಸಿ ಹಾಕಿದರೆ ಮಳೆಹನಿಯ ಸದ್ದೂ ಸರಿಯಾಗಿ ಕೇಳಿಸುತ್ತದೆ. ಟೊಟೊರೊ ಒಂದೂವರೆ ಗಂಟೆಯೊಳಗೆ ಮುಗಿಯುವುದರಿಂದ ಮಕ್ಕಳ ನಿದ್ದೆಯೂ ಕೆಡುವುದಿಲ್ಲ.