ಗೋ ಕಲಿಯಲು ಕಾಟ್ರೈನ್: ಬಹಳ ದಿನ ಬಳಸಿದ ಮೇಲೆ

ಕಪ್ಪು, ಬಿಳಿ ಕಾಯಿ ಇಟ್ಟು ಮಣೆಯ ಮೇಲೆ ಹೆಚ್ಚು ಜಾಗ ಸುತ್ತುವರಿಯುವ ಗೋ ಆಟದ ನಿಯಮ ಕಲಿಯಲು ಒಂದು ಸಂಜೆ ಸಾಕು. ಆಮೇಲಿನದೇ ಕಷ್ಟ. ಆಟ ಸೋತಿದ್ದು ಗೊತ್ತಾಗುತ್ತದೆ, ಆದರೆ ಎಲ್ಲಿ ಸೋತಿದ್ದು ಅನ್ನುವುದು ಹೊಸಬರಿಗೆ ಗೊತ್ತಾಗುವುದಿಲ್ಲ. ಚೆಸ್‌ನಲ್ಲಿ ರಾಣಿ ಹೋದರೆ ಕಣ್ಣಿಗೆ ಕಾಣುತ್ತದೆ. ಗೋದಲ್ಲಿ ಕಾಯಿಗಳು ಇಟ್ಟಲ್ಲೇ ಇರುತ್ತವೆ, ಗುಂಪು ಮಾತ್ರ ಯಾವಾಗಲೋ ಸತ್ತಿರುತ್ತದೆ, ಅಂದರೆ ಇನ್ನು ಉಳಿಸಲಾಗದ ಸ್ಥಿತಿಗೆ ಬಂದಿರುತ್ತದೆ. ಪಕ್ಕದಲ್ಲಿ ಕೂತು ಆಟ ತಿದ್ದಿ ಹೇಳುವ ಬಲ್ಲವರು ಎಲ್ಲರಿಗೂ ಸಿಗುವುದಿಲ್ಲ ಅಲ್ವಾ? ನನಗೆ ಆ ಕೆಲಸ ಮಾಡಿಕೊಟ್ಟಿದ್ದು ಕಾಟ್ರೈನ್. ಆಟಕ್ಕೆ ಬಂದ ಹೊಸದರಿಂದಲೂ ಇದನ್ನೇ ಬಳಸುತ್ತಿದ್ದೇನೆ.

ಇದು ಕಂಪ್ಯೂಟರ್‌ಗೆ ಹಾಕಿಕೊಳ್ಳುವ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್. ಒಳಗೆ ಲೆಕ್ಕ ಹಾಕುವ ಎಂಜಿನ್ ಕಾಟಗೋ. ಅದನ್ನು ಡೇವಿಡ್ ವು ಎಂಬುವರು 2019ರಲ್ಲಿ ಹೊರತಂದರು. 2016ರ ಮಾರ್ಚ್‌ನಲ್ಲಿ ಸಿಯೋಲ್‌ನಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ವೃತ್ತಿಪರ ಆಟಗಾರ ಲೀ ಸೆಡೋಲ್ ಅವರನ್ನು 4-1ರಿಂದ ಸೋಲಿಸಿದಾಗ ಇಡೀ ಜಗತ್ತು ಬೆರಗಾಗಿ ನೋಡಿತ್ತು. ವೃತ್ತಿಪರರನ್ನು ಮೀರಿಸುವ ಅಂಥ ಬಲ ಈಗ ಮನೆಯ ಕಂಪ್ಯೂಟರ್‌ನಲ್ಲೇ ಸಿಗುತ್ತದೆ. ಹೊಸಬರಿಗೆ ಕಾಟಗೋದ ಬಲಕ್ಕಿಂತ ಇನ್ನೊಂದು ಗುಣ ಜಾಸ್ತಿ ಉಪಯೋಗ. ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟು ಅಂತ ಹೇಳಿ ಸುಮ್ಮನಾಗುವುದಿಲ್ಲ, ಯಾರು ಎಷ್ಟು ಪಾಯಿಂಟ್ ಮುಂದಿದ್ದಾರೆ ಅಂತಲೂ ಹೇಳುತ್ತದೆ. ಗೆಲ್ಲುವ ಸಾಧ್ಯತೆ 90ರಿಂದ 20ಕ್ಕೆ ಬಿತ್ತು ಅಂದರೆ ಭಯವಾಗುತ್ತದೆ ಅಷ್ಟೇ. ಈ ನಡೆಯಿಂದ ಎಂಟು ಪಾಯಿಂಟ್ ಹೋಯಿತು ಅಂದರೆ ಯಾವ ಜಾಗ ಹೋಯಿತು ಅಂತ ಮಣೆಯ ಮೇಲೆ ಹುಡುಕಬಹುದು.

ಕಾಟ್ರೈನ್ ಪ್ರತಿ ಕಾಯಿಯ ಮೇಲೆ ಬಣ್ಣದ ಚುಕ್ಕೆ ಇಡುತ್ತದೆ. ಒಳ್ಳೆಯ ನಡೆಗೆ ಹಸಿರು, ನಷ್ಟ ಹೆಚ್ಚಾದ ಹಾಗೆ ಹಳದಿ, ಕಿತ್ತಳೆ, ಕೆಂಪು. ತೀರಾ ದೊಡ್ಡ ನಷ್ಟಕ್ಕೆ ನೇರಳೆ. ನನ್ನ ಒಂದು ಆಟದಲ್ಲಿ ಮೂಲೆಯ ಕಪ್ಪು ಗುಂಪನ್ನು ಬಿಳಿ ಪೂರ್ತಿ ಸುತ್ತುವರಿದಿತ್ತು. ಒಳಗೆ ಸಾಲಾಗಿ ಮೂರು ಖಾಲಿ ಜಾಗ. ಕಪ್ಪಿನ ಸರದಿ, ಆದರೆ ಕಪ್ಪು ಕಾಯಿ ಬಿದ್ದಿದ್ದು ಮಣೆಯ ಇನ್ನೊಂದು ಬದಿಯಲ್ಲಿ. ಆ ಕಾಯಿಯ ಮೇಲೆ ನೇರಳೆ ಚುಕ್ಕೆ. ಮೂರು ಜಾಗದ ನಡುವಿನದಕ್ಕೆ ಕಪ್ಪು ಇಟ್ಟರೆ ಆಚೆಗೊಂದು ಈಚೆಗೊಂದು ಕಣ್ಣು (ಗುಂಪು ಸುತ್ತುವರಿದ ಒಳಗಿನ ಖಾಲಿ ಜಾಗ), ಎರಡು ಕಣ್ಣಿರುವ ಗುಂಪನ್ನು ಯಾರೂ ಮುಟ್ಟುವ ಹಾಗಿಲ್ಲ. ಅದೇ ಜಾಗಕ್ಕೆ ಬಿಳಿ ಇಟ್ಟರೆ ಗುಂಪು ಸತ್ತಿತು. ಯಾರ ಜಾಗ ಯಾವುದು ಎಂದು ತೋರಿಸುವ ಗುಂಡಿ ಒತ್ತಿ ನೋಡಿದರೆ, ಬಿಳಿಯ ಆ ಒಂದು ನಡೆಗೆ ಇಡೀ ಮೂಲೆ ಕಪ್ಪಿನಿಂದ ಬಿಳಿಗೆ ತಿರುಗಿತ್ತು. ಸಾಲಾಗಿ ನಾಲ್ಕು ಖಾಲಿ ಜಾಗ ಇದ್ದಿದ್ದರೆ ಕಪ್ಪು ಬೇರೆ ಕಡೆ ಆಡಿದರೂ ಬದುಕುತ್ತಿತ್ತು. ಅದೇ ನಾಲ್ಕು ಚೌಕವಾಗಿ ಇದ್ದರೆ ಮೊದಲು ಆಡಿದರೂ ಉಳಿಗಾಲವಿಲ್ಲ. ಇದನ್ನೆಲ್ಲ ಓದಿ ತಿಳಿದುಕೊಳ್ಳುವುದು ಬೇರೆ, ನಾವೇ ಆಡಿದ ಆಟದಲ್ಲಿ ಮೂಲೆ ಬಣ್ಣ ಬದಲಿಸುವುದನ್ನು ನೋಡುವುದು ಬೇರೆ.

ಇಷ್ಟು ಹೇಳಿದ ಮೇಲೆ ಮುಖ್ಯ ಮಾತಿಗೆ ಬರುತ್ತೇನೆ. ಕಾಟ್ರೈನ್ ಉಪಯೋಗಕ್ಕೆ ಬರಬೇಕಾದರೆ ಉತ್ತರವನ್ನು ಮುಚ್ಚಿಡಬೇಕು. ಎಂಜಿನ್ ಮೆಚ್ಚುವ ನಡೆಗಳನ್ನು ತೋರಿಸುವ ಸೌಲಭ್ಯ, ಚುಕ್ಕೆ, ಪಾಯಿಂಟ್ ಗ್ರಾಫ್ ಎಲ್ಲವನ್ನೂ ಬೇರೆ ಬೇರೆಯಾಗಿ ಆಫ್ ಮಾಡಬಹುದು. ಆಡುವಾಗ ನಾನು ಎಲ್ಲ ಆಫ್ ಮಾಡುತ್ತೇನೆ. ಆಟ ಮುಗಿದ ಮೇಲೆ ಚುಕ್ಕೆ ಮತ್ತು ಗ್ರಾಫ್ ಮಾತ್ರ ಆನ್. ದೊಡ್ಡ ನಷ್ಟದ ನಡೆಗೆ ನೇರ ಹೋಗುವ ಗುಂಡಿಯೂ ಇದೆ. ಅಲ್ಲಿ ನಿಂತು, ಸರಿಯಾದ ನಡೆ ಯಾವುದಿರಬಹುದು ಅಂತ ಮೊದಲು ನಾನೇ ಯೋಚಿಸಿ ಕಾಯಿ ಇಟ್ಟು ನೋಡುತ್ತೇನೆ. ಆಮೇಲೆ ಎಂಜಿನ್ ಏನು ಹೇಳುತ್ತದೆ ಅಂತ ನೋಡುವುದು. ಒಂದು ಆಟಕ್ಕೆ ಎರಡು ಮೂರು ಜಾಗ ಸಾಕು. ಒಂದೆರಡು ಪಾಯಿಂಟ್‌ನ ನಷ್ಟದ ಹಿಂದೆ ಹೊಸಬರು ಹೋಗಲೇಬಾರದು, ಮೂವತ್ತು ಪಾಯಿಂಟ್‌ನ ಗುಂಪು ಉಳಿಸುವುದೇ ಇನ್ನೂ ಬಂದಿರುವುದಿಲ್ಲ. ಉತ್ತರ ಕಣ್ಣ ಮುಂದೆಯೇ ಇದ್ದರೆ ಎಲ್ಲವೂ ಅರ್ಥವಾದ ಹಾಗೆ ಅನಿಸುತ್ತದೆ, ಮುಂದಿನ ಆಟಕ್ಕೆ ಏನೂ ಉಳಿಯುವುದಿಲ್ಲ.

ಕೊರತೆಯನ್ನೂ ಹೇಳಲೇಬೇಕು. ಎಲ್ಲಿ ಎಂದು ತೋರಿಸುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಜೋರು ಜಗಳ ನಡೆಯುತ್ತಿರುವಾಗ ಅದನ್ನು ಅಲ್ಲಿಗೇ ಬಿಟ್ಟು ಮಣೆಯ ಬೇರೆ ಮೂಲೆಯಲ್ಲಿ ಆಡು ಅನ್ನುತ್ತದೆ. ಕಾರಣ ಹತ್ತು ಹದಿನೈದು ನಡೆ ಆಚೆ ಇರುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಇದು: ನನಗೆ ಸರಿ ಅನಿಸಿದ, ಎಂಜಿನ್‌ಗೆ ಬೇಡವಾದ ನಡೆಯನ್ನು ಆಡಿ, ಎದುರಾಳಿಯ ಉತ್ತರವನ್ನು ಎಂಜಿನ್‌ನಿಂದಲೇ ಆಡಿಸುವುದು. ಲ್ಯಾಡರ್ ನನಗೆ ಅರ್ಥವಾಗಿದ್ದು ಹೀಗೆ. ಅಟಾರಿ (ಮುಂದಿನ ನಡೆಗೆ ಕಾಯಿ ಹಿಡಿಯುವ ಬೆದರಿಕೆ) ಮೇಲೆ ಅಟಾರಿ ಕೊಡುತ್ತಾ ಮೆಟ್ಟಿಲು ಮೆಟ್ಟಿಲಾಗಿ ಓಡಿಸಿಕೊಂಡು ಹೋಗುತ್ತೇವೆ. ದಾರಿಯಲ್ಲಿ ಎದುರಾಳಿಯ ಒಂದೇ ಒಂದು ಕಾಯಿ ಇದ್ದರೆ ಸಾಕು, ಓಡುವವನು ಅದಕ್ಕೆ ಸೇರಿಕೊಂಡು ತಪ್ಪಿಸಿಕೊಳ್ಳುತ್ತಾನೆ. ಓಡಿಸಿದವನ ಕಾಯಿಗಳ ನಡುವೆ ಎಲ್ಲೆಲ್ಲೂ ಸಂದು, ಒಂದೇ ನಡೆಗೆ ಎರಡೆರಡು ಕಡೆ ಅಟಾರಿ. ಎಂಜಿನ್ ಅದನ್ನು ನಿರ್ದಾಕ್ಷಿಣ್ಯವಾಗಿ ಆಡಿ ತೋರಿಸಿದ ಮೇಲೆ, ಕರ್ಣರೇಖೆಯ ಕೊನೆಯವರೆಗೂ ನೋಡದೆ ಲ್ಯಾಡರ್ ಶುರು ಮಾಡಲು ಕೈ ಬರುವುದಿಲ್ಲ.

ಎದುರಾಳಿಯಾಗಿ ಕಾಟ್ರೈನ್ ಹೇಗೆ? ನಮಗೆ ಬೇಕಾದ ಕ್ಯು (ಕಲಿಯುವವರ ದರ್ಜೆ, ಸಂಖ್ಯೆ ಇಳಿದಷ್ಟೂ ಬಲ ಹೆಚ್ಚು) ಮಟ್ಟಕ್ಕೆ ಬಲ ಇಳಿಸಿಕೊಳ್ಳಬಹುದು. ಆದರೆ ಬಲ ಇಳಿಸಿದ ಎಂಜಿನ್ ಚೆನ್ನಾಗಿ ಆಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಯಾರೂ ಆಡದ ಪೆದ್ದು ನಡೆ ಆಡುತ್ತದೆ. ಮನುಷ್ಯರ ತಪ್ಪು ಹಾಗಿರುವುದಿಲ್ಲ. ನಮ್ಮ ಮಟ್ಟದವರು ಆಸೆಗೆ ಬಿದ್ದು ತಪ್ಪುತ್ತಾರೆ, ಬೇಡದ ಕಾಯಿ ಉಳಿಸಲು ಹೋಗಿ ತಪ್ಪುತ್ತಾರೆ. 2024ರಲ್ಲಿ ಕಾಟಗೋಗೆ ಮನುಷ್ಯರ ಆಟಗಳಿಂದ ಕಲಿತ ಮಾಡೆಲ್ ಬಂತು. 20 ಕ್ಯುನಿಂದ, ಕ್ಯುಗಿಂತ ಮೇಲಿನ ದರ್ಜೆಯಾದ ಡಾನ್‌ನಲ್ಲಿ 9 ಡಾನ್‌ವರೆಗಿನ ಆಟಗಾರರ ಹಾಗೆ ಆಡಲು ಅದಕ್ಕೆ ಬರುತ್ತದೆ. ಅದನ್ನು ಹಾಕಿಕೊಂಡ ಮೇಲೆ ಅಭ್ಯಾಸದ ಆಟಗಳಿಗೆ ಜೀವ ಬಂದಿದೆ.

ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ವಿಶ್ಲೇಷಣೆ ನಿಧಾನ. ಪ್ರತಿ ನಡೆಗೆ ಎಷ್ಟು ಆಳ ನೋಡಬೇಕು ಎಂಬುದನ್ನು ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಿದರೆ ಕೆಲಸ ನಡೆಯುತ್ತದೆ. ನಮ್ಮ ಮಟ್ಟದ ತಪ್ಪು ಹಿಡಿಯಲು ಅಷ್ಟೊಂದು ಆಳ ಬೇಕಾಗಿಯೂ ಇಲ್ಲ.

ಈಗಷ್ಟೇ 9x9 ಮಣೆಯಲ್ಲಿ ಕಾಯಿ ಹಿಡಿಯಲು ಕಲಿಯುತ್ತಿರುವವರಿಗೆ ಇದನ್ನು ಹೇಳುವುದಿಲ್ಲ. ಅವರಿಗೆ ಬೇಕಾಗಿರುವುದು ಚಿಕ್ಕ ಮಣೆಯಲ್ಲಿ ಬೇಗ ಬೇಗ ಆಟ, ಸಾವು-ಬದುಕಿನ ಸುಲಭ ಲೆಕ್ಕಗಳು. 19x19ಕ್ಕೆ ಬಂದು, ಆಟ ಮುಗಿದ ಮೇಲೆ "ಎಲ್ಲಿ ಕೈ ತಪ್ಪಿತು?" ಅಂತ ತಲೆ ಕೆಡಿಸಿಕೊಳ್ಳುವವರು ಧಾರಾಳವಾಗಿ ಹಾಕಿಕೊಳ್ಳಿ. ಮೊದಲ ದಿನವೇ ಎಂಜಿನ್ ಮೆಚ್ಚುವ ನಡೆಗಳನ್ನು ತೋರಿಸುವುದನ್ನು ಆಫ್ ಮಾಡಿಬಿಡಿ.