ಕೈಸೈಕಲ್, ಸೈಡ್ ವೀಲ್ ಸ್ಕೂಟರ್, ಮೋಟಾರ್ ವೀಲ್‌ಚೇರ್: ಬಲ ಕುಗ್ಗುತ್ತಿರುವವರಿಗೆ ಯಾವುದು?

ನನಗಿರುವುದು ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯುಗಳ ಬಲ ವರ್ಷ ಕಳೆದಂತೆ ಕುಗ್ಗುತ್ತಾ ಹೋಗುವ ಕಾಯಿಲೆ. ಮೊದಲು ಕಾಲು ಸೋತವು, ಈಗ ಭುಜವೂ ಸೋಲುತ್ತಿದೆ. ಅದಕ್ಕೇ ಯಾವ ಗಾಡಿ ನೋಡಿದರೂ ನನ್ನ ಪ್ರಶ್ನೆ ಒಂದೇ: ಎರಡು ವರ್ಷ ಬಿಟ್ಟೂ ಇದನ್ನು ಓಡಿಸಬಹುದಾ?

ಅಂಗವಿಕಲರಿಗೆ ಸಾಧನ ಹಂಚುವ ಶಿಬಿರದಲ್ಲಿ ಉಚಿತವಾಗಿ ಸಿಕ್ಕಿದ್ದು ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್. ಪೋಲಿಯೊದಿಂದ ಕಾಲು ಮಾತ್ರ ಸೋತವರಿಗೆ ಇದು ನಿಜಕ್ಕೂ ಒಳ್ಳೆಯದು. ಪಂಕ್ಚರ್ ಆದರೆ ಊರಿನ ಸೈಕಲ್ ಅಂಗಡಿಯಲ್ಲೇ ಸರಿಹೋಗುತ್ತದೆ. ನನಗೆ ಮಾತ್ರ ಸ್ವಲ್ಪ ಏರು ಬಂದರೂ ಭುಜ ಸೇದುತ್ತಿತ್ತು. ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ಸುಸ್ತಾಗುವಷ್ಟು ದುಡಿಸಲೇಬಾರದು. ಶಿಬಿರದಲ್ಲಿ ಅದನ್ನು ಯಾರೂ ಕೇಳಲಿಲ್ಲ. ಮೋಟಾರ್ ಇರುವುದನ್ನೇ ಕೇಳೋಣವೆಂದರೆ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮೋಟಾರ್ ತ್ರಿಚಕ್ರಕ್ಕೆ ಶೇ. 80 ವೈಕಲ್ಯ ಇರಬೇಕು. ಸರ್ಟಿಫಿಕೇಟಿನಲ್ಲಿ ಆ ಅಂಕಿ ಬರುವಷ್ಟರಲ್ಲಿ ಹ್ಯಾಂಡಲ್ ಹಿಡಿಯುವ ಬಲ ಎಷ್ಟು ಜನಕ್ಕೆ ಉಳಿದಿರುತ್ತದೆ?

ಸೈಡ್ ವೀಲ್ ಸ್ಕೂಟರ್, ಅಂದರೆ ಹಿಂದೆ ಎರಡೂ ಬದಿಗೆ ಚಕ್ರ ಸೇರಿಸಿದ ಸ್ಕೂಟರ್, ಓಡಿಸುವಾಗ ತುಂಬಾ ಸುಖ. ತೊಂದರೆ ಇರುವುದು ಹತ್ತಿ ಇಳಿಯುವುದರಲ್ಲಿ. ಬ್ಯಾಂಕಿನ ಬಾಗಿಲವರೆಗೆ ಹೋಗುತ್ತೀರಿ, ವೀಲ್‌ಚೇರ್ ಮನೆಯಲ್ಲೇ ಇರುತ್ತದೆ. ಒಳಗೆ ಹೋಗುವುದು ಹೇಗೆ? ಊರುಗೋಲು ಹಿಡಿದು ನಡೆಯುವವರು ಕಣ್ಣುಮುಚ್ಚಿ ಇದನ್ನೇ ತಗೊಳ್ಳಲಿ.

ನನಗೆ ಹೊಂದಿದ್ದು ವೀಲ್‌ಚೇರಿನ ಮುಂದೆ ಸಿಕ್ಕಿಸುವ ಮೋಟಾರ್. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಬೋಲ್ಟ್ ಎಂಬ ಇಂಥ ಗಾಡಿ 2021ರಲ್ಲಿ ಬಂತು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 25 ಕಿ.ಮೀ. ಓಡುತ್ತದೆ. ಮೋಟಾರ್ ಬಿಚ್ಚಿಟ್ಟರೆ ಅದೇ ಕುರ್ಚಿಯಲ್ಲಿ ಒಳಗೆ ಹೋಗಬಹುದು, ಯಾರೂ ಎತ್ತಿ ಕೂರಿಸಬೇಕಿಲ್ಲ. ಆದರೆ ಬೆಲೆ! ಬಂದ ಹೊಸತರಲ್ಲೇ ಕುರ್ಚಿ ಸೇರಿ 95 ಸಾವಿರದ ಹತ್ತಿರ ಇತ್ತು. ಕರ್ನಾಟಕದಲ್ಲಿ ಶೇ. 75ಕ್ಕಿಂತ ಜಾಸ್ತಿ ವೈಕಲ್ಯ ಇದ್ದವರ ಮಾಸಾಶನ 1,400 ರೂಪಾಯಿ, ಅದಕ್ಕಿಂತ ಕಡಿಮೆ ಇದ್ದವರಿಗೆ 800. ವರ್ಷವಿಡೀ ಒಂದು ಪೈಸೆ ಮುಟ್ಟದೆ ಕೂಡಿಟ್ಟರೂ 16,800 ಆಗುತ್ತದೆ, ಅಷ್ಟೇ. ನಮ್ಮ ಮನೆಯಲ್ಲಿ ಅಣ್ಣ, ಅಕ್ಕ ದುಡ್ಡು ಹಾಕಿದರು. ಎಲ್ಲರಿಗೂ ಅಂಥ ಮನೆ ಇರುತ್ತದಾ?

ಕೈಯ ಹಿಡಿತ ಪೂರ್ತಿ ಹೋದಮೇಲೆ ಜಾಯ್‌ಸ್ಟಿಕ್ ವೀಲ್‌ಚೇರೇ ಗತಿ. ಗೆಳೆಯನೊಬ್ಬನದರಲ್ಲಿ ಕೂತು ನೋಡಿದೆ, ಬೆರಳು ಆಡಿದರೆ ಸಾಕು. ತುಂಬಾ ಭಾರ, ಆಟೋಕ್ಕೆ ಏರಿಸಲಾಗದು, ಹೊಸ್ತಿಲು ದಾಟಲು ರ‍್ಯಾಂಪ್ ಬೇಕು.

ಶಿಬಿರಕ್ಕೆ ಹೋಗುವವರು ಕಾಯಿಲೆ ಹೆಚ್ಚುತ್ತಾ ಹೋಗುವಂಥದ್ದು ಅಂತ ಡಾಕ್ಟರ ಕೈಲಿ ಬರೆಸಿಕೊಂಡು ಹೋಗಿ. ತಾಲೂಕಿನ ಎಂಆರ್‌ಡಬ್ಲ್ಯೂ (ಅಂಗವಿಕಲರ ಕೆಲಸ ನೋಡಿಕೊಳ್ಳುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರಿಗೂ ಅದನ್ನು ತೋರಿಸಿ. ಕೈಸೈಕಲ್ ಕೊಟ್ಟರೆ ಸಹಿ ಹಾಕುವ ಮೊದಲು ಅಲ್ಲೇ ಒಂದು ಏರು ಹತ್ತಿಸಿ ನೋಡಿ.